ಬಾಡಿಗೆ ಕಾರಿನ ಮೂರು ದಿನ, ಕೆಂಪು ಬಸ್ಸಿನ ಐದು ದಿನ

ಮೊದಲೇ ಹೇಳಿಬಿಡುತ್ತೇನೆ, ನಾನು ಬಸ್ಸಿನ ಪಾರ್ಟಿ. ಬೆಳಗಾವಿಯಿಂದ ಹೊರಟು ಕಿತ್ತೂರು, ಸವದತ್ತಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ ಅಂತ ಕೋಟೆ-ಗುಡಿಗಳ ಒಂದು ಸುತ್ತನ್ನು ನಾವು ಎರಡು ಸಲ ಹಾಕಿದ್ದೇವೆ. ಮೊದಲ ಸಲ ಡ್ರೈವರ್ ಸಮೇತ ಬಾಡಿಗೆ ಕಾರು, ಮೂರು ದಿನ. ಎರಡನೇ ಸಲ ಬಸ್ಸು, ಆಟೋ, ರೈಲು ಸೇರಿಸಿ ಐದು ದಿನ. ಎರಡೂ ಸಲ ಮಂದಿ ಅವರೇ: ನಾನು, ಹೆಂಡತಿ, ಎಪ್ಪತ್ತು ದಾಟಿದ ಅವ್ವ. ಮೊದಲ ಸಲ ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಬಾದಾಮಿ ಯಾವುದು, ಕೆರಿ ಇತ್ತಲ್ಲ ಅದೋ, ಹೊಳಿ ಇತ್ತಲ್ಲ ಅದೋ?"

ಕಾರು ಬುಕ್ ಮಾಡಿದ್ದು ಫೋನಿನಲ್ಲಿ. ಯಾವ ಟ್ರಾವೆಲ್ಸ್ ಅನ್ನೋದು ಬೇಡ, ಅವರೊಬ್ಬರದೇ ಲೆಕ್ಕವೂ ಅಲ್ಲ ಇದು. ಕಿಲೋಮೀಟರಿಗೆ 14 ರೂಪಾಯಿ, ಡ್ರೈವರ್ ಬತ್ತೆ ದಿನಕ್ಕೆ 500, "ದಿನಕ್ಕ 300 ಮಿನಿಮಮ್ ರೀ" ಅಂದರು. ಮಿನಿಮಮ್ ಅಂದರೆ ಅಷ್ಟಾದರೂ ಓಡಿಸ್ತಾರೆ ಅಂತ ಭರವಸೆ ಕೊಟ್ಟ ಹಾಗೆ ಕೇಳಿಸಿತು ನನಗೆ. ಹೂಂ ಅಂದೆ.

ಆಗಬೇಕಾದ ಜ್ಞಾನೋದಯ ಆದದ್ದು ಮೊದಲ ದಿನ ಸಂಜೆ, ಬಾದಾಮಿಯ ಲಾಡ್ಜಿನ ಮುಂದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ ಎಲ್ಲ ನೋಡಿಕೊಂಡು ಬಂದರೂ ಮೀಟರು 190ರ ಆಸುಪಾಸಿನಲ್ಲಿತ್ತು. ಪರವಾಗಿಲ್ಲ, ರೊಕ್ಕ ಉಳಿಯಿತು ಅಂತ ಡ್ರೈವರಿಗೆ ಹೇಳಿದೆ. ಪಾಪ, ಸಂಭಾವಿತ ಮನುಷ್ಯ. ನಕ್ಕು, "ಸಾಹೇಬ್ರ, ಮೀಟರ್ ಓಡ್ಲಿ ಬಿಡ್ಲಿ, ನಿಮ್ಮ ರೊಕ್ಕ ಓಡ್ತೈತ್ರಿ" ಅಂದ. 190 ಓಡಿದರೂ 300ರ ಬಿಲ್ಲು. ಮೇಲೆ ಗ್ಯಾರೇಜಿನಿಂದ ಗ್ಯಾರೇಜಿಗೆ ಲೆಕ್ಕ. ಅವರ ಗ್ಯಾರೇಜು ಊರಿನ ಆಚೆ ತುದಿಗೆ, ನಮ್ಮ ಮನೆ ಈಚೆ ತುದಿಗೆ.

ಮೈಸೂರಿಗೋ ತಿರುಪತಿಗೋ ಹೋಗುವವರಿಗೆ ಈ 300 ಅನ್ನೋದು ಕಣ್ಣಿಗೇ ಬೀಳೋದಿಲ್ಲ, ದಾರಿಯಲ್ಲೇ ದಾಟಿಹೋಗುತ್ತದೆ. ನಮ್ಮ ಕಡೆಯ ಜಾಗಗಳು ಹಂಗಲ್ಲ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೊಂದಿಷ್ಟು. ಹೋಗಿ ಬಂದರೂ 70 ದಾಟೋದು ಕಷ್ಟ. ಆದರೆ ನೋಡುವುದು ಒಂದು ದಿನಕ್ಕೆ ಮುಗಿಯೋದಿಲ್ಲ. ಗಾಲಿ ನಿಲ್ಲಬೇಕು, ಕಾಲು ನಡೀಬೇಕು, ಅಂಥ ಸೀಮೆ ಇದು. ಆ ಕಾರಿನ ದರಪಟ್ಟಿ ಮಾತ್ರ ನಿಂತದ್ದಕ್ಕೆಲ್ಲ ದಂಡ ಹಾಕುತ್ತದೆ.

ದಂಡಕ್ಕಿಂತ ಕೆಟ್ಟದ್ದು ಅದು ನನ್ನ ತಲೆಗೆ ಮಾಡಿದ್ದು. "ಇನ್ನೂ ನೂರಾ ಹತ್ತು ಕಿಲೋಮೀಟರ್ ಉಳದಾವ" ಅಂತ ರಾತ್ರಿ ಊಟಕ್ಕೆ ಕೂತಾಗಲೂ ನಾನು ಗೊಣಗುತ್ತಿದ್ದೆನಂತೆ. "ಲಗ್ನದ ಊಟ ಅಲ್ಲ ಇದು, ಎಲಿ ಖಾಲಿ ಮಾಡಾಕ" ಅಂದಳು ಹೆಂಡತಿ. ಕೇಳಿದೆನೇ? ಇಲ್ಲ. ಮರುದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಮುಗಿಸಿ ರಾತ್ರಿ ವಿಜಯಪುರಕ್ಕೆ ಅಂತ ಠರಾವು ಮಾಡಿದೆ. ಐಹೊಳೆಯಲ್ಲಿ ಇದ್ದದ್ದು 35 ನಿಮಿಷ. ಮೇಗುತಿ ಗುಡ್ಡ ಹತ್ತಲೇ ಇಲ್ಲ. ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಅವನ ಆಸ್ಥಾನದ ಕವಿ ರವಿಕೀರ್ತಿ 634ರಲ್ಲಿ ಕಲ್ಲಿಗೆ ಬರೆಸಿದ ಜಾಗವನ್ನು ಕೆಳಗಿನಿಂದ ಬೆರಳು ಮಾಡಿ ತೋರಿಸಿ, "ಅಲ್ಲೈತಿ ನೋಡ್ರಿ" ಅಂದು ಕಾರು ಹತ್ತಿಸಿದೆ. ಇಷ್ಟೆಲ್ಲ ಓಡಿ ಗೋಳಗುಮ್ಮಟ ಮುಟ್ಟಿದರೆ ಟಿಕೆಟ್ ಕಿಟಕಿ ಮುಚ್ಚಿತ್ತು. ಅವತ್ತಿನ ಮೀಟರು? 160ರ ಒಳಗೇ. ಮೂರನೇ ದಿನ ಬೆಳಗ್ಗೆ ಗುಮ್ಮಟಕ್ಕೆ ಹೋದೆವು, ಆದರೆ ಶಾಲೆಯ ಪ್ರವಾಸದ ಬಸ್ಸುಗಳು ನಮಗಿಂತ ಮುಂಚೆ ಬಂದಿದ್ದವು. ಪಿಸುಮಾತಿನ ಗ್ಯಾಲರಿಯಲ್ಲಿ ಕೇಳಿಸಿದ್ದು ಇನ್ನೂರು ಹುಡುಗರ ಶಿಳ್ಳೆ.

ಒಟ್ಟು ಓಡಿದ್ದು 570 ಚಿಲ್ಲರೆ. ಬಿಲ್ಲು 900ಕ್ಕೆ. ಬತ್ತೆ ಸೇರಿ 14,100, ಟೋಲ್ ಬೇರೆ.

ಕಾರು ಗೆದ್ದ ಕಡೆ ಗೆದ್ದಿದೆ ಅಂತಲೂ ಹೇಳಬೇಕು. ಒಂದು, ಕಿತ್ತೂರಿನ ಹತ್ತಿರದ ದೇಗಾಂವಿ. ಕದಂಬರ ಕಾಲದ ಕಮಲನಾರಾಯಣ ಗುಡಿ, ಕಮಲಾದೇವಿ ರಾಣಿ ಕಟ್ಟಿಸಿದ್ದು. ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು, ಬಸ್ಸು ನಂಬಿ ಹೋದರೆ ಅರ್ಧ ದಿನ ಅಲ್ಲೇ. ಎರಡು, ಕೂಡಲಸಂಗಮ. ಐಹೊಳೆಯಿಂದ ಕಾರಿನಲ್ಲಿ ಸಲೀಸು. ಬಸ್ಸಿನ ಸಲ ಅದು ನಮ್ಮ ದಾರಿಗೆ ಹೊಂದಲಿಲ್ಲ, ಬಿಟ್ಟೇ ಬಂದೆವು. ಬಸವಣ್ಣನ ಐಕ್ಯಸ್ಥಳ, ಕೃಷ್ಣೆ-ಮಲಪ್ರಭೆ ಕೂಡುವ ಜಾಗ. "ಎಲ್ಲಾ ನೋಡಿ ಸಂಗಮನಾಥನ್ನ ಬಿಟ್ಟಿ" ಅಂತ ಅವ್ವ ಇವತ್ತಿಗೂ ಅಂತಾಳೆ.

ಇನ್ನು ಬಸ್ಸು. ಶಕ್ತಿ ಯೋಜನೆ ಬಂದಮೇಲೆ ನಮ್ಮ ಮನೆಯ ಲೆಕ್ಕವೇ ಬದಲಾಗಿದೆ: ಮೂವರಲ್ಲಿ ಇಬ್ಬರಿಗೆ ಶೂನ್ಯ ಟಿಕೆಟ್, ರೊಕ್ಕ ಕೊಡುವವ ನಾನೊಬ್ಬನೇ. ಆಧಾರ್ ಕಾರ್ಡು ತೋರಿಸುವಾಗ ಅವ್ವನ ಮುಖದ ಠೀವಿ ನೋಡಬೇಕು. ಹಳೆಯ ಫೋಟೋ ನೋಡಿ ಕಂಡಕ್ಟರ್ ಒಮ್ಮೆ ಅವಳನ್ನೂ ಒಮ್ಮೆ ಕಾರ್ಡನ್ನೂ ನೋಡಿದರೆ, "ನಾನಽ ಅದು" ಅಂತಾಳೆ.

ಕಿತ್ತೂರು ಇದರಲ್ಲಿ ಸುಲಭ. ಬೆಳಗಾವಿ-ಧಾರವಾಡ ಬಸ್ಸು ಹತ್ತುವ ಮೊದಲು ಊರೊಳಗೆ ಹೋಗುತ್ತದೋ, ಹೆದ್ದಾರಿಯಲ್ಲೇ ಇಳಿಸುತ್ತದೋ ಕೇಳಿಕೊಳ್ಳಿ, ಅಷ್ಟೇ. ಕೋಟೆಯೊಳಗೆ ಉಳಿದಿರುವುದು ವಾಡೆಯ ಮೊಂಡು ಗೋಡೆಗಳು. 1824ರ ಅಕ್ಟೋಬರ್ 23ಕ್ಕೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಈ ಕೋಟೆಯ ಮುಂದೆ, ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟದ್ದೂ ಇಲ್ಲೇ. ಧ್ರುವ ನಕ್ಷತ್ರ ನೋಡುವ ಕಿಂಡಿಗೆ ಕಣ್ಣಿಟ್ಟು ಹಗಲಲ್ಲೇ ನಕ್ಷತ್ರ ಹುಡುಕುವ ಮಂದಿ ಯಾವತ್ತೂ ನಾಲ್ಕು ಜನ ಇರುತ್ತಾರೆ, ಅವರಲ್ಲಿ ನಾನೂ ಒಬ್ಬ. ಅಲ್ಲಿಂದ ಬೈಲಹೊಂಗಲಕ್ಕೆ ಬಸ್ಸು, ಚೆನ್ನಮ್ಮ ಸೆರೆಯಲ್ಲಿದ್ದು ಕಣ್ಣುಮುಚ್ಚಿದ ಊರು. ಸಮಾಧಿಯ ಮುಂದೆ ಹೆಂಡತಿ ತಲೆ ಮೇಲೆ ಸೆರಗು ಹೊದ್ದು ಸುಮ್ಮನೆ ನಿಂತಳು.

ಸವದತ್ತಿಯಲ್ಲಿ ಒಂದು ರಾತ್ರಿ ಇಳಿದುಕೊಂಡೆವು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಂತೂ ಕಾರೂ ಒಂದೇ ಬಸ್ಸೂ ಒಂದೇ, ಚಕ್ಕಡಿಯೇ ವಾಸಿ. ಉಳಿದ ದಿನ ಬಸ್ಸು ಯಲ್ಲಮ್ಮನ ಗುಡ್ಡದ ಮೇಲೇ ಇಳಿಸುತ್ತದೆ. "ಉಧೋ ಉಧೋ" ಕೇಳುತ್ತಿದ್ದಂತೆ ಅವ್ವ ನಮ್ಮಿಬ್ಬರನ್ನೂ ಹಿಂದೆ ಬಿಟ್ಟು ಮೆಟ್ಟಿಲು ಇಳಿದಳು. ಹಣೆಯ ಭಂಡಾರ ಬಾದಾಮಿ ಮುಟ್ಟುವವರೆಗೂ ಹೋಗಲಿಲ್ಲ. ಊರೊಳಗಿನ ಕೋಟೆ ದೇಸಾಯರದು, ಬುರುಜಿನ ಮೇಲೆ ಸಂಜೆ ಗಾಳಿ ಚೆಂದ. ಬೇರೆ ಹೇಳೋದೇನಿಲ್ಲ.

ಸವದತ್ತಿಯಿಂದ ಬಾದಾಮಿಗೆ ರಾಮದುರ್ಗ, ಕುಳಗೇರಿ ಕ್ರಾಸ್ ಅಂತ ಬಸ್ಸು ಬದಲಿಸಬೇಕು. ಕುಳಗೇರಿ ಕ್ರಾಸಿನಲ್ಲಿ ಒಂದು ತಾಸು ಕಾದೆವು. ಗಿರ್ಮಿಟ್, ಮಿರ್ಚಿ, ಚಹಾ, ಮತ್ತೊಂದು ಚಹಾ. ಬ್ಯಾಗು ಹೊರುವವ ನಾನು, ಹೀಗಾಗಿ ಈ ತಾಸಿನ ಬಗ್ಗೆ ಹೆಚ್ಚು ಹೊಗಳಲಾರೆ.

ಆದರೆ ಬಾದಾಮಿಯಲ್ಲಿ ಎರಡು ರಾತ್ರಿ! ಅಲ್ಲಿಂದ ಒಂದು ದಿನಕ್ಕೆ ಆಟೋ ಗೊತ್ತು ಮಾಡಿದೆವು, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಸೇರಿ 1,600. ಮೀಟರಿಲ್ಲ, ಮಿನಿಮಮ್ ಇಲ್ಲ. ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಪಟ್ಟದಕಲ್ಲಿನಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಗಂಡನ ಕಂಚಿ ಗೆಲುವಿಗೆ ಕಟ್ಟಿಸಿದ ವಿರೂಪಾಕ್ಷ ಗುಡಿ ನೋಡಿ, ಹೊಳೆಯ ಕಡೆಯ ಬಾಗಿಲಲ್ಲಿ ಅರ್ಧ ತಾಸು ಕೂತೆವು. ಮೇಗುತಿಯನ್ನೂ ಹತ್ತಿದೆ, ಈ ಸಲ ಬೆರಳು ತೋರಿಸಲಿಲ್ಲ.

ಮರುದಿನ ಬೆಳಗ್ಗೆ ಗುಹೆಗಳು. ಕಾರಿನ ಸಲ ಮೊದಲ ಗುಹೆಯ ಹೊರಗಿನ ನಟರಾಜನ ಮುಂದೆ ಫೋಟೋ ತೆಗೆದು ಮೇಲೆ ಓಡಿದ್ದೆವು. ಈ ಸಲ ಅವ್ವ ಮೆಟ್ಟಿಲ ಮೇಲೆ ಕೂತಳು, ಮೇಲೆ ಬರೋದಿಲ್ಲ ಅಂದಳು. ನಾನು ಮೂರನೇ ಗುಹೆಯಲ್ಲಿ ಮಂಗಲೇಶನ 578ರ ಶಾಸನ ನೋಡಿ ಇಳಿದು ಬಂದಾಗ ಅವಳು ನಟರಾಜನ ಕೈ ಎಣಿಸುತ್ತಿದ್ದಳು. "ಹದಿನಾರು" ಅಂದಳು. ಹದಿನೆಂಟು ಅಂದೆ. ಒಪ್ಪಲಿಲ್ಲ. ಎದ್ದು ಹತ್ತಿರ ಹೋಗಿ, ಕಲ್ಲು ಮುಟ್ಟದೆ ಗಾಳಿಯಲ್ಲೇ ಬೆರಳು ಆಡಿಸುತ್ತ ಬಲಗಡೆ ಒಂಬತ್ತು, ಎಡಗಡೆ ಒಂಬತ್ತು ಅಂತ ಎಣಿಸಿ, "ಇವೆರಡು ಹಿಂದ ಅಡಗಿದ್ವು" ಅಂದಳು. ಇದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಯಾರೂ ಲೆಕ್ಕ ಇಡಲಿಲ್ಲ. ಅಷ್ಟರಲ್ಲಿ ಮಂಗ ನಮ್ಮ ಬಾಳೆಹಣ್ಣು ಒಯ್ದಿತ್ತು, ಅದು ಬೇರೆ ಮಾತು.

ಮಧ್ಯಾಹ್ನದ ರೈಲಿಗೆ ಹೊತ್ತಿತ್ತು ಅಂತ ನಾನೊಬ್ಬನೇ ಅಗಸ್ತ್ಯತೀರ್ಥದ ಆಚೆ ಕಪ್ಪೆ ಅರಭಟ್ಟನ ಶಾಸನದ ಬಂಡೆಯವರೆಗೆ ನಡೆದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗುವ ತ್ರಿಪದಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು, ಬಂಡೆಯ ಮೇಲೆ ನೋಡಿದ್ದು ಈಗ. ಟ್ರಾವೆಲ್ಸಿನವರ ಮುಂದೆ ನಾನು ಬರೀ ಸಾಧುಗೆ ಸಾಧು ಆಗಿದ್ದೆ, "ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್" ಅನ್ನೋ ಮುಂದಿನ ಸಾಲು ನೆನಪಿಗೆ ಬರಬೇಕಿತ್ತು.

ಬಾದಾಮಿ ಸ್ಟೇಷನ್ನು ಊರಿನಿಂದ ಐದು ಕಿಲೋಮೀಟರ್ ದೂರ, ಆಟೋ ಬೇಕೇ ಬೇಕು. ರೈಲು ಬಾಗಲಕೋಟೆ, ಆಲಮಟ್ಟಿ ದಾಟಿ ವಿಜಯಪುರ. ಆಲಮಟ್ಟಿಯ ಹಿನ್ನೀರು ಕಿಟಕಿಯಲ್ಲಿ ಬಂದಾಗ ಅವ್ವ ಕೈಮುಗಿದಳು. ಸಂಗಮನಾಥನಿಗೆ ಇಲ್ಲಿಂದಲೇ ಆಯಿತು ಅಂದುಕೊಂಡೆ. ಅವಳ ಲೆಕ್ಕಕ್ಕೆ ಅದು ಬರಲಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಮರುದಿನ ಬೆಳಗ್ಗೆ ಗೋಳಗುಮ್ಮಟದ ಬಾಗಿಲು ತೆಗೆಯುವ ಹೊತ್ತಿಗೇ ನಾವು ನಿಂತಿದ್ದೆವು. ಅವ್ವ ಕೆಳಗೆ ಹುಲ್ಲಿನ ಮೇಲೆ. ನಾವಿಬ್ಬರು ಮಿನಾರಿನ ಮೆಟ್ಟಿಲು ಹತ್ತಿ, ಮೇಲೆ ಗ್ಯಾಲರಿಯಲ್ಲಿ ಎದುರುಬದುರು ಕೂತೆವು. ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಏನು ಮಾತಾಡೋದು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರ, ಪಿಸುಮಾತು ಎಲ್ಲಿ ಉಳಿದಿರುತ್ತದೆ? ಅವಳು ಪರ್ಸಿನಿಂದ ಬಸ್ಸಿನ ಶೂನ್ಯ ಟಿಕೆಟ್ ತೆಗೆದು ಮುದುರಿದಳು. ಆ ಕಾಗದದ ಚರಚರ ಗೋಡೆ ಹಿಡಿದು ಬಂದು ನನ್ನ ಕಿವಿಯ ಹಿಂದೆಯೇ ಕೇಳಿಸಿತು. ಮಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ. ಅವನ ಗುಮ್ಮಟ ನಮ್ಮ ಸಾರಿಗೆ ಸಂಸ್ಥೆಯ ಟಿಕೆಟ್ಟನ್ನು ಇಷ್ಟು ಗೌರವದಿಂದ ಕೇಳಿಸಿಕೊಳ್ಳುತ್ತದೆ ಅಂದುಕೊಂಡಿರಲಿಲ್ಲ. ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು ಮುಗಿಸಿ ಮಧ್ಯಾಹ್ನ ಬೆಳಗಾವಿ ಬಸ್ಸು ಹಿಡಿದೆವು. ಸೊಂಟ ಎರಡು ದಿನ ನೋಯಿತು.

ಖರ್ಚು: ಆಟೋ, ನನ್ನ ಬಸ್ಸಿನ ಟಿಕೆಟ್ಟು, ರೈಲು ಸೇರಿ 3,700. ನಾಲ್ಕು ರಾತ್ರಿಯ ರೂಮು 6,000. ಕಾರಿನ ಬಾಡಿಗೆಯೊಂದರಲ್ಲೇ ಇದಷ್ಟೂ ಆಗಿ ಇನ್ನೂ ಉಳಿಯುತ್ತದೆ.

ರಜೆ ಎರಡೇ ದಿನ ಇದ್ದರೆ, ಮಂಡಿ ನೋವಿನವರು ಜೊತೆಗಿದ್ದರೆ, ಇಲ್ಲಾ ಐದಾರು ಮಂದಿ ರೊಕ್ಕ ಹಂಚಿಕೊಳ್ಳುವವರಿದ್ದರೆ ಕಾರೇ ಮಾಡಿ. ಮಾಡುವಾಗ ಎರಡು ಕೇಳಿ: ಮಿನಿಮಮ್ ದಿನದ ಲೆಕ್ಕವೋ ಒಟ್ಟು ಲೆಕ್ಕವೋ, ಮೀಟರು ಶುರುವಾಗುವುದು ಮನೆಯಿಂದಲೋ ಗ್ಯಾರೇಜಿನಿಂದಲೋ. ಸ್ವಂತ ಬೈಕಿನವರಿಗೆ ಒಂದೇ ಮಾತು, ಕಬ್ಬಿನ ಸೀಜನ್ನಿನಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿರುತ್ತದೆ, ಹಿಂದಿನ ದೀಪ ಇರೋದಿಲ್ಲ. ನಾನು ಒಬ್ಬನೇ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ನೋಡಿ ಬರುವಾಗ ಅಂಥದೊಂದರ ಕಬ್ಬಿನ ಗರಿ ಹೆಲ್ಮೆಟ್ಟಿಗೆ ಸವರಿಕೊಂಡು ಹೋಗಿತ್ತು.

ಮುಂದಿನ ತಿಂಗಳು ಬಾಗಲಕೋಟೆಗೆ ಬಸ್ಸು, ಅಲ್ಲಿಂದ ಕೂಡಲಸಂಗಮ. ಅವ್ವ ಆಧಾರ್ ಕಾರ್ಡಿಗೆ ಹೊಸ ಪ್ಲಾಸ್ಟಿಕ್ ಕವರು ತರಿಸಿಕೊಂಡಿದ್ದಾಳೆ.