ಬಾಡಿಗೆ ಮನೆಗೆ ಹೊಸದಾಗಿ ಸೇರುವವರೇ, ಡಿಪಾಜಿಟ್ ರೊಕ್ಕ ಬಿಟ್ಟುಹೋಗುವವರ ಕೈಗೆ ಕೊಡಬೇಡಿ

ಬೆಳಗಾವಿಗೆ ಕೆಲಸಕ್ಕೋ ಓದಲಿಕ್ಕೋ ಬಂದು ಮೂರು ನಾಲ್ಕು ಜನ ಕೂಡಿ ಮನೆ ಮಾಡಿಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ 20,000 ರೂಪಾಯಿಯಲ್ಲಿ 14,000 ಕೈಗೆ ಬರುವಷ್ಟರಲ್ಲಿ ಐದು ತಿಂಗಳು ಹೋದವು. ಅಕ್ಕ ಅಂತ ಕರೆಯುತ್ತಿದ್ದವರ ಜೊತೆ ಮಾತೂ ಹೋಯಿತು.

ನಾನು ಜಮಖಂಡಿ ಕಡೆಯವಳು. ಇಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ ಟಿಳಕವಾಡಿ ಕಡೆ ಒಂದು ಮನೆಯಲ್ಲಿ ಮೂವರು ಹುಡುಗಿಯರಿದ್ದರು: ಗೋಕಾಕದ ಅಕ್ಕ, ಅಥಣಿಯವಳು, ನಿಪ್ಪಾಣಿಯವಳು. ಬಾಡಿಗೆ 9,000, ಡಿಪಾಜಿಟ್ 60,000, ತಲಾ 20,000. ನಿಪ್ಪಾಣಿಯವಳು ಪುಣೆಗೆ ಹೊರಟಿದ್ದಳು, ಅವಳ ಜಾಗಕ್ಕೆ ನಾನು. "ಆಕಿ 20,000 ನೀ ಆಕಿಗೇ ಕೊಟ್ಟಬಿಡು, ಮಾಲಕರನ್ನ ನಡಕ ಯಾಕ ತರೂದು?" ಅಂದರು ಅಕ್ಕ. ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆ ಅಂತ ನಾನೂ ನಂಬಿದೆ. ಅಂದೇ ಸಂಜೆ ಫೋನ್‌ಪೇ ಮಾಡಿದೆ. ಯಾತಕ್ಕೆ ಕೊಟ್ಟ ಹಣ ಅಂತ ಅದರಲ್ಲಿ ಒಂದು ಅಕ್ಷರ ಬರೆಯಲಿಲ್ಲ. ಮಾಲಕರಿಗೆ ಹೇಳಲಿಲ್ಲ. ಅಗ್ರಿಮೆಂಟಿನಲ್ಲಿ ಇದ್ದದ್ದು ಅಕ್ಕನ ಹೆಸರೊಂದೇ. ಅದೂ 11 ತಿಂಗಳಿನದು, ನಾನು ಸೇರುವ ಹೊತ್ತಿಗೇ ಅವಧಿ ಮುಗಿದಿತ್ತು.

ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಈ ಸಲ ಮೇ ತಿಂಗಳಿನಲ್ಲಿ ಅಕ್ಕನ ಮದುವೆ ಗಟ್ಟಿಯಾಯಿತು, ಅಥಣಿಯವಳಿಗೆ ವರ್ಗ ಆಯಿತು. ಮನೆ ಬಿಡುತ್ತೇವೆಂದು ಮಾಲಕರಿಗೆ ತಿಳಿಸಿದ್ದು ಹತ್ತೇ ದಿನ ಮೊದಲು. ಅದು ನಮ್ಮದೇ ತಪ್ಪು.

ಕೀಲಿ ಕೊಡುವ ದಿನ ಮಾಲಕರು ಒಂದು ಹಳೆಯ ನೋಟಬುಕ್ ಹಿಡಿದುಕೊಂಡು ಬಂದರು. ಹಿಂದಿನ ಖೋಲಿಯಲ್ಲಿ ಕಪಾಟು ಸರಿಸಿದ ಜಾಗದಲ್ಲಿ ಗೋಡೆ ಹಸಿ ಹಿಡಿದು ಉಬ್ಬಿತ್ತು. ಕೈಯಲ್ಲಿದ್ದ ಕೀಲಿಯಿಂದಲೇ ಅದನ್ನು ಕೆರೆದರು. ಅಂಗೈ ಅಗಲದ ಬಣ್ಣದ ಹಕ್ಕಳೆ ಕಳಚಿ ನೆಲಕ್ಕೆ ಬಿತ್ತು. "ನೋಡ್ರಿ, ಮನಿ ಹೆಂಗ ಇಟ್ಟೀರಿ" ಅಂದರು. ಬೆಳಗಾವಿಯ ಮಳೆ ಎಂಥದ್ದು ಅಂತ ಇಲ್ಲಿ ಒಂದು ಮಳೆಗಾಲ ಕಳೆದವರಿಗೆಲ್ಲ ಗೊತ್ತು. ಆ ಗೋಡೆಯ ಆಚೆ ಮಾಳಿಗೆಯ ನೀರು ಇಳಿಯುವ ಪೈಪಿತ್ತು, ಅದು ಸೋರುತ್ತದೆ ಅಂತ ನಾವು ಎರಡು ಸಲ ಹೇಳಿದ್ದೆವು. ಹೇಳಿದ್ದು ಬಾಯಿಮಾತಿನಲ್ಲಿ. ಆ ಗಳಿಗೆಯಲ್ಲಿ ಮೂವರೂ ಸುಮ್ಮನೆ ನಿಂತೆವು. ಅಲ್ಲೇ ಒಂದು ಫೋಟೊ ತೆಗೆದುಕೊಂಡು, ಪೈಪು ತೋರಿಸಿ ಮಾತಾಡಬೇಕಿತ್ತು.

ಬಣ್ಣಕ್ಕೆ 15,000, ಅಡುಗೆಮನೆಯ ಬೇಸಿನ್ ಮತ್ತು ನಳಕ್ಕೆ 3,500, ಮೊದಲೇ ತಿಳಿಸದೆ ಬಿಟ್ಟಿದ್ದಕ್ಕೆ ಒಂದು ತಿಂಗಳ ಬಾಡಿಗೆ 9,000. ಒಟ್ಟು 27,500 ಮುರಿದುಕೊಂಡು, ಉಳಿದ 32,500 ಅಕ್ಕನ ಖಾತೆಗೆ ಹಾಕಿದರು. ಅಕ್ಕ ತಮ್ಮ 20,000 ಪೂರ್ತಿ ಇಟ್ಟುಕೊಂಡು, ಅಥಣಿಯವಳಿಗೆ 10,000 ಕೊಟ್ಟು, ನನಗೆ 2,500 ಕಳಿಸಿದರು. ಫೋನ್ ಮಾಡಿದೆ.

"ನೀ ರೊಕ್ಕ ಕೊಟ್ಟಿದ್ದು ನಿಪ್ಪಾಣಿಯಾಕಿಗೆ. ಆಕಿನ್ನ ಕೇಳು. ನಾ ನನ್ನ ರೊಕ್ಕ ಮಾಲಕರಿಗೇ ಕೊಟ್ಟಿದ್ದೆ" ಅಂದರು.

ಒಂದೇ ತಾಟಿನಲ್ಲಿ ಉಂಡವರು. ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಮಾಲಕರ ಹತ್ತಿರ ಹೋದೆ. "ನೋಡ ತಂಗಿ, ಕಾಗದದಾಗ ನಿನ್ನ ಹೆಸರ ಇಲ್ಲ, ನಿನ್ನ ರೊಕ್ಕ ನನ್ನ ಕೈಗೆ ಬಂದಿಲ್ಲ. ನಾ ಕೊಡೂದು ಕೊಟ್ಟ ಮುಗಿಸೇನಿ" ಅಂದರು. ಪೊಲೀಸರ ಹತ್ತಿರ ಹೋದರೆ ಇದು ಸಿವಿಲ್ ವ್ಯವಹಾರ, ಕೋರ್ಟಿಗೆ ಹೋಗಿರಿ ಅಂದರು.

ಸೋದರಮಾವನಿಗೆ ಪರಿಚಯದ ವಕೀಲರೊಬ್ಬರು ಕೂಡಿಸಿಕೊಂಡು ತಿಳಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳ ಬಾಡಿಗೆ 3,500 ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ಊರಲ್ಲಿ ಅದಕ್ಕಿಂತ ಕಡಿಮೆ ಬಾಡಿಗೆಯ ಮನೆ ಎಲ್ಲಿದೆ? ಹಾಗಾಗಿ ನಮ್ಮಂಥವರ ವ್ಯವಹಾರಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಾವೇ ಸಹಿ ಮಾಡಿದ ಕರಾರು, ಇವೆರಡೇ ಆಧಾರ. ಆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರರು ಮನೆಯನ್ನು ತಾವು ಬಂದಾಗ ಇದ್ದ ಸ್ಥಿತಿಯಲ್ಲಿ ಮರಳಿಸಬೇಕು. ಆದರೆ ದಿನಬಳಕೆಯಿಂದ ಸಹಜವಾಗಿ ಆಗುವ ಸವಕಳಿಗೆ ಅವರು ಹೊಣೆಯಲ್ಲ. ಮೂರು ವರ್ಷದ ಬಣ್ಣ ಮಾಸುವುದು ಸವಕಳಿ. ಹೊರಗಿನ ಪೈಪು ಸೋರಿ ಗೋಡೆ ಕೆಟ್ಟದ್ದು ನಮ್ಮ ಕೈಯಿಂದ ಆದದ್ದೇ ಅಲ್ಲ. ತಿಂಗಳ ಬಾಡಿಗೆಯ ಮನೆ ಬಿಡುವಾಗ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 106ನೇ ಕಲಮಿನಂತೆ 15 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ನಾವು ಅಷ್ಟೂ ಕೊಟ್ಟಿರಲಿಲ್ಲ. ಅದಕ್ಕೇ ಆ 9,000ದ ಆಸೆ ಬಿಡು ಅಂದರು.

ನನ್ನ ಹೆಸರೇ ಇಲ್ಲದ ಮೇಲೆ ನಾನು ಕೇಳುವುದು ಹೇಗೆ? ಇಲ್ಲಿ ನನ್ನನ್ನು ಉಳಿಸಿದ್ದು ಒಂದು ಹಳೆಯ ವಾಟ್ಸ್ಯಾಪ್ ಮೆಸೇಜು. ನಾನು ಸೇರಿದ ವಾರ ಮನೆಯ ಗ್ರೂಪಿನಲ್ಲಿ ಅಕ್ಕ ಬರೆದಿದ್ದರು: "ಆಕಿ ಡಿಪಾಜಿಟ್ ಇನ್ನ ನಿಂದು, ಚಿಂತಿ ಮಾಡಬ್ಯಾಡ." ಮನೆ ಬಿಟ್ಟ ಮೇಲೆ ಅವರು ನನ್ನನ್ನು ಗ್ರೂಪಿನಿಂದ ತೆಗೆದಿದ್ದರು, ಆದರೆ ಮೆಸೇಜುಗಳು ನನ್ನ ಫೋನಿನಲ್ಲಿದ್ದವು. ಸಿಟ್ಟಿನಲ್ಲಿ ಆ ಗ್ರೂಪನ್ನೇ ಅಳಿಸಿಬಿಡಬೇಕು ಅಂದುಕೊಂಡಿದ್ದೆ. ನೀವು ಹಾಗೆ ಮಾಡಬೇಡಿ. ನಿಪ್ಪಾಣಿಯವಳು ಪುಣ್ಯಾತ್ಮಳು, ನನ್ನಿಂದ 20,000 ಬಂದದ್ದು ಡಿಪಾಜಿಟ್ ಲೆಕ್ಕಕ್ಕೆ ಅಂತ ಬರೆದು ಸಹಿ ಮಾಡಿ ಕಳಿಸಿದಳು. ಅಥಣಿಯವಳು ತಾನು ಮನೆಗೆ ಬಂದ ದಿನ ಅವ್ವನಿಗೆ ತೋರಿಸಲೆಂದು ತೆಗೆದಿದ್ದ ವಿಡಿಯೊ ಹುಡುಕಿ ಕೊಟ್ಟಳು. ಅದರಲ್ಲಿ ಅದೇ ಗೋಡೆ, ಅದೇ ಹಸಿ ಕಲೆ, ಆಗಿನ್ನೂ ಒಂದು ತಾಟಿನಷ್ಟು ಅಗಲ.

ವಕೀಲರ ನೋಟಿಸ್ ಮಾಲಕರಿಗೂ ಅಕ್ಕನಿಗೂ ಅಂಚೆಯಲ್ಲಿ ಹೋಯಿತು. ಇಬ್ಬರಿಂದಲೂ ಉತ್ತರ ಬರಲಿಲ್ಲ. ಹಣ ವಸೂಲಿಗೆ ದಾವೆ ಹೂಡಲು ಮೂರು ವರ್ಷದ ಅವಧಿ ಇದೆ, ಆದರೆ 17,500ಕ್ಕೆ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವ ಶಕ್ತಿ ನನಗಿರಲಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗು ಅಂತ ವಕೀಲರೇ ದಾರಿ ತೋರಿಸಿದರು. ದಾವೆ ಹೂಡುವ ಮೊದಲೇ ರಾಜಿಗೆ ಅಲ್ಲಿ ಅರ್ಜಿ ಕೊಡಬಹುದು, ಕೋರ್ಟ್ ಶುಲ್ಕ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100. ಎದುರಿನವರು ಬರಲು ಒಪ್ಪದಿದ್ದರೆ ಒತ್ತಾಯಿಸಿ ರಾಜಿ ಮಾಡಿಸಲಾಗುವುದಿಲ್ಲ, ಇದನ್ನು ಮೊದಲೇ ತಿಳಿದಿರಿ. ಆದರೆ ಈ ಪ್ರಾಧಿಕಾರ ನಡೆಸುವ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ (ತೀರ್ಪಿನ ಆದೇಶದಷ್ಟೇ) ಬಲ.

ನನ್ನ ಅದೃಷ್ಟ, ಇಬ್ಬರೂ ಬಂದರು. ಬಣ್ಣದ ಬಿಲ್ ಕೇಳಿದಾಗ ಮಾಲಕರು ತೋರಿಸಿದ್ದು ಅದೇ ನೋಟಬುಕ್ಕಿನ ಹಾಳೆ. ವಿಡಿಯೊ ನೋಡಿದ ಮೇಲೆ 10,000 ಬಿಟ್ಟುಕೊಡಲು ಒಪ್ಪಿದರು. ಅದರಲ್ಲಿ 6,000 ನನಗೆ, 4,000 ಅಥಣಿಯವಳಿಗೆ. ಅಕ್ಕ 5,500 ವಾಪಸ್ ಕೊಟ್ಟರು. ನನ್ನ ಕಡೆ ನೋಡಲಿಲ್ಲ.

ಈಗ ಮಹಾಂತೇಶನಗರದಲ್ಲಿದ್ದೇನೆ. ಹೋದ ತಿಂಗಳು ನಮ್ಮ ಮನೆಗೆ ರಾಮದುರ್ಗದ ಹುಡುಗಿಯೊಬ್ಬಳು ಸೇರಿದಳು. ಬಿಟ್ಟುಹೋಗುವವಳು "ನನಗೇ ಹಾಕಿಬಿಡು" ಅಂದಳು, ಕೆಟ್ಟ ಮನಸ್ಸಿನಿಂದಲ್ಲ. ನಾನು ಬಿಡಲಿಲ್ಲ. ಮೂವರೂ ಮಾಲಕರ ಮನೆಗೆ ಹೋದೆವು. ಹೊಸಬಳು ಮಾಲಕರ ಖಾತೆಗೆ 'ಮನೆ ಡಿಪಾಜಿಟ್' ಅಂತ ಬರೆದು ಹಾಕಿದಳು, ಮಾಲಕರು ಹಳಬಳದ್ದನ್ನು ಅಲ್ಲೇ ತಿರುಗಿಸಿದರು. ಹೊಸ ಅಗ್ರಿಮೆಂಟಿನಲ್ಲಿ ನಮ್ಮೆಲ್ಲರ ಹೆಸರು, ತಲಾ ಎಷ್ಟು ಅನ್ನುವುದು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯಬಹುದು ಅನ್ನುವುದು, ಎಲ್ಲ ಬರೆಸಿದೆವು. ಚಹಾ ಕುಡಿದು ಎದ್ದು ಬರುವುದಕ್ಕೆ ಒಂದು ತಾಸೂ ಹಿಡಿಯಲಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡವರು ಯಾರಾದರೂ ಇದ್ದರೆ, ನಾನು ಕೊಟ್ಟ ಅರ್ಜಿಯ ನಕಲು ನನ್ನ ಹತ್ತಿರ ಇದೆ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದದ್ದು, ಒಂದೂವರೆ ಪುಟ. ಕೇಳಿದರೆ ಹೆಸರು ಅಳಿಸಿ ಕಳಿಸುತ್ತೇನೆ.