ಎಂ.ಎಸ್. ಇದ್ದವರಿಗೆ ಯಾವ ಕೋಲು, ಯಾವ ವಾಕರ್: ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ ದರಕ್ಕೆ ಸಿಗುವ ಸಾಧನಗಳು

ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯಲ್ಲಿ ಕೋಲು ಕೇಳಿದರೆ ಮೊದಲು ಬರುವ ಪ್ರಶ್ನೆ, "ಲಕ್ವಾ ಹೊಡದೈತೇನ್ರೀ, ಮೊಣಕಾಲ ಬ್ಯಾನಿ ಏನ್ರೀ?" ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಎಂದರೆ ಬಹಳ ಅಂಗಡಿಯವರಿಗೆ ತಿಳಿಯುವುದಿಲ್ಲ. ಲಕ್ವಾಕ್ಕೆ ಕೊಡುವ ನಾಲ್ಕು ಕಾಲಿನ ಕೋಲನ್ನೇ ಈ ಕಾಯಿಲೆ ಇದ್ದವರಿಗೂ ಕೊಟ್ಟು ಕಳಿಸುತ್ತಾರೆ. ಎಂ.ಎಸ್. ಇದ್ದೂ ಓಡಾಡುವ ಹೆಚ್ಚಿನವರಿಗೆ ಅದು ಹೊಂದುವುದಿಲ್ಲ. ಮುಂಗೈಗೆ ಪಟ್ಟಿ ಸುತ್ತುವ ಊರುಗೋಲು, ಅಂದರೆ ಎಲ್ಬೋ ಕ್ರಚ್ ಜೋಡಿಯೇ ಕೊಟ್ಟ ಹಣಕ್ಕೆ ತಕ್ಕ ಸಾಮಾನು ಎಂಬುದು ನಮ್ಮ ತೀರ್ಮಾನ.

ಮೊದಲು ಕಾಯಿಲೆಯ ಸ್ವಭಾವ. ದೇಹದ ರೋಗನಿರೋಧಕ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ನರದ ಸಂದೇಶ ಕಾಲಿಗೆ ತಡವಾಗಿ ಮುಟ್ಟುತ್ತದೆ, ಮೈ ಬಿಸಿಯಾದರೆ ಇನ್ನೂ ತಡ. ಬೆಳಿಗ್ಗೆ ಚೆನ್ನಾಗಿ ನಡೆದವರೇ ಏಪ್ರಿಲ್ ತಿಂಗಳ ಗದಗಿನ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಎಳೆಯತೊಡಗುತ್ತಾರೆ. ಆದ್ದರಿಂದ ಸಾಧನವನ್ನು ದಣಿದ ಕಾಲಿಗೆ ಒಪ್ಪುವಂತೆ ಕೊಳ್ಳಬೇಕು. ಅಂಗಡಿಗೆ ಸಂಜೆ ಹೋಗಿ. ದಿನಾ ಹಾಕುವ ಚಪ್ಪಲಿ ಅಥವಾ ಬೂಟಿನಲ್ಲೇ ಹೋಗಿ. ನಡೆಯಬೇಕಾದವರನ್ನು ಮನೆಯಲ್ಲಿ ಬಿಟ್ಟು ಅಳತೆ ಅಂದಾಜಿನಲ್ಲಿ ತರಬೇಡಿ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ ಅಥವಾ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹತ್ತಿರ ಸಾಧನದ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡರೆ ಅಂಗಡಿಯಲ್ಲಿ ವಾದ ಉಳಿಯುವುದಿಲ್ಲ.

ನಾಲ್ಕು ಕಾಲಿನ ಕೋಲಿಗೆ ಸುಮಾರು 600ರಿಂದ 1,000 ರೂಪಾಯಿ. ನಾಲ್ಕೂ ಪಾದ ಒಟ್ಟಿಗೆ ನೆಲಕ್ಕೆ ಊರಿದರೆ ಮಾತ್ರ ಅದು ಆಧಾರ. ನಮ್ಮ ಓಣಿಗಳಲ್ಲಿ ಫರ್ಸಿ ಏರುಪೇರು, ಗಟಾರದ ಮೇಲಿನ ಕಲ್ಲು ಅಲುಗಾಡುತ್ತದೆ. ಅಲ್ಲಿ ಮೂರು ಪಾದ ಊರಿ ಒಂದು ಗಾಳಿಯಲ್ಲಿ ನಿಂತು ಕೋಲೇ ವಾಲುತ್ತದೆ. ಸೀರೆ ಉಡುವವರಿಗೆ ಇನ್ನೊಂದು ಅಪಾಯ, ಒಳಬದಿಯ ಪಾದಕ್ಕೆ ನೆರಿಗೆ ಸಿಕ್ಕಿಕೊಳ್ಳುತ್ತದೆ. ಮನೆಯೊಳಗೆ ಸಮ ನೆಲದ ಮೇಲೆ ನಿಧಾನ ನಡೆಯುವವರಿಗೆ ಸರಿ, ಅಷ್ಟೇ.

ಒಂದೇ ಕಾಲಿನ ಅಲ್ಯೂಮಿನಿಯಂ ಕೋಲು 300ರಿಂದ 600ಕ್ಕೆ ಸಿಗುತ್ತದೆ. ಒಂದು ಕಾಲು ಮಾತ್ರ ಸೋತಿದ್ದು, ಸಮತೋಲ ಅಷ್ಟಾಗಿ ಕೆಡದಿದ್ದರೆ ಸಾಕಾಗುತ್ತದೆ. ಸೋತ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಹಳ ಮಂದಿ ಸೋತ ಕಾಲಿನ ಕಡೆಗೇ ಹಿಡಿದಿರುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಬರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಎತ್ತರವಾದರೆ ಭುಜ ಮೇಲೇರಿ ಕತ್ತು ನೋಯುತ್ತದೆ, ಗಿಡ್ಡವಾದರೆ ಮೈ ಒಂದು ಕಡೆ ವಾಲುತ್ತದೆ.

ಎಲ್ಬೋ ಕ್ರಚ್ ಜೋಡಿ ಸಾಮಾನ್ಯವಾಗಿ 900ರಿಂದ 1,800ರ ಒಳಗೆ. ಇದರ ದೊಡ್ಡ ಗುಣ ಮುಂಗೈ ಸುತ್ತುವ ಪಟ್ಟಿ: ಹಿಡಿಕೆ ಬಿಟ್ಟರೂ ಕ್ರಚ್ ಕೆಳಗೆ ಬೀಳುವುದಿಲ್ಲ, ಬಾಗಿಲ ಚಿಲಕ ತೆಗೆಯಬಹುದು, ಕಂಡಕ್ಟರಿಗೆ ರೊಕ್ಕ ಕೊಡಬಹುದು. ಎರಡೂ ಕಡೆ ಆಧಾರ ಇರುವುದರಿಂದ ತೂರಾಡುವುದು ಕಡಿಮೆಯಾಗುತ್ತದೆ. ಬೆಳಿಗ್ಗೆ ಒಂದನ್ನೇ ಹಿಡಿದು, ಸಂಜೆ ದಣಿದಾಗ ಎರಡನ್ನೂ ಹಿಡಿಯಬಹುದು. ದಿನದೊಳಗೇ ಬದಲಾಗುವ ಕಾಲಿಗೆ ಈ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಕಂಕುಳಲ್ಲಿ ಇಡುವ ಉದ್ದದ ಕ್ರಚ್ ಅಗ್ಗವಾದರೂ ಬೇಡ. ದಣಿದಾಗ ಮೈಭಾರ ಕಂಕುಳ ಮೇಲೆ ಬಿದ್ದು ಅಲ್ಲಿನ ನರ ಒತ್ತಿಹೋಗುತ್ತದೆ, ಕೈಯೂ ಜೋಮು ಹಿಡಿಯುತ್ತದೆ.

ಕೊಳ್ಳುವಾಗ ಬೆರಳಿಟ್ಟು ಅಳೆಯಿರಿ: ಪಟ್ಟಿಯ ಮೇಲಂಚು ಮೊಣಕೈಗಿಂತ ಎರಡು-ಮೂರು ಬೆರಳು ಕೆಳಗಿರಬೇಕು. ಪಟ್ಟಿಯ ಎತ್ತರ, ಕೆಳಗಿನ ಕೊಳವೆ ಎರಡನ್ನೂ ಬೇರೆ ಬೇರೆ ಹೊಂದಿಸಲು ಬರುವಂಥದ್ದನ್ನೇ ಆರಿಸಿ. ಕೆಳಗೆ ಮಾತ್ರ ತೂತುಗಳಿರುವುದು ನೂರಿನ್ನೂರು ರೂಪಾಯಿ ಅಗ್ಗ, ಆದರೆ ಗಿಡ್ಡ ಕೈಯವರಿಗೆ ಆಗುವುದಿಲ್ಲ. ಸ್ಪ್ರಿಂಗ್ ಬಟನ್ ತೂತಿನಿಂದ ಪೂರ್ತಿ ಹೊರಬಂದು ಟಕ್ ಎಂದು ಕೂತಿದೆಯೇ ನೋಡಿ. ಅರ್ಧ ಕೂತ ಬಟನ್ ನಡೆಯುವಾಗ ಒಳಗೆ ಜಾರಿದರೆ ಕ್ರಚ್ ಒಮ್ಮೆಲೆ ಕುಸಿಯುತ್ತದೆ. ಹಿಡಿಕೆ ತಿರುವಿ ನೋಡಿ, ಕೊಳವೆಯ ಮೇಲೆ ತಿರುಗಬಾರದು. ಗಟ್ಟಿ ಪ್ಲಾಸ್ಟಿಕ್ ಹಿಡಿಕೆ ಬೆವರಿಗೆ ಜಾರುತ್ತದೆ. ಸೈಕಲ್ ಅಂಗಡಿಯಲ್ಲಿ ಸಿಗುವ ಗ್ರಿಪ್ ಟೇಪ್ ಸುತ್ತಿಸಿ. ತಳದ ರಬ್ಬರ್ ಬುಷ್ ಗೆರೆ ಸವೆದ ದಿನವೇ ಬದಲಿಸಬೇಕು, ಹಸಿ ಬಚ್ಚಲಿನಲ್ಲಿ ಸವೆದ ಬುಷ್ ಹಿಡಿಯುವುದೇ ಇಲ್ಲ. ಹೊಸದು ಕೊಳ್ಳುವಾಗ ಹಳೆಯದನ್ನು ತೋರಿಸಿ, ಕೊಳವೆಯ ದಪ್ಪ ಬೇರೆಯಾದರೆ ಬುಷ್ ಕಳಚಿಬೀಳುತ್ತದೆ. ನವಲಗುಂದ, ಗದಗಿನ ಎರೆಮಣ್ಣಿನ ಕಡೆಯವರು ಮಳೆಗಾಲಕ್ಕೆ ಅಗಲ ತಳದ ಬುಷ್ ಕೇಳಿ. ಸಣ್ಣದು ಕೆಸರಿನಲ್ಲಿ ಹೂತು ಕೂತುಬಿಡುತ್ತದೆ.

ಪಾದದ ತುದಿ ಎಳೆಯುವವರಿಗೆ ಕೋಲೊಂದೇ ಪರಿಹಾರವಲ್ಲ, ಅದನ್ನು ಎತ್ತಿ ಹಿಡಿಯಲು ಕಣಕಾಲು-ಪಾದಕ್ಕೆ ಕಟ್ಟುವ ಆಧಾರ, ಅಂದರೆ ಎಎಫ್‌ಓ ಬೇಕು. ರೆಡಿಮೇಡ್ ಪ್ಲಾಸ್ಟಿಕ್‌ದು ಸಾವಿರದ ಆಸುಪಾಸು. ಕಾಲು ಬಿಗಿದುಕೊಳ್ಳುವವರಿಗೆ ತೆಳ್ಳಗಿನ ರೆಡಿಮೇಡ್ ಬಾಗಿಹೋಗುತ್ತದೆ, ಅಚ್ಚು ತೆಗೆದು ಮಾಡಿಸಬೇಕು. ಕಿಮ್ಸ್ ಆವರಣದ ಮಹಾವೀರ ಲಿಂಬ್ ಸೆಂಟರ್‌ನಲ್ಲಿ ಕೃತಕ ಕಾಲಿನ ಜೊತೆಗೆ ಕಾಲಿಗೆ ಕಟ್ಟುವ ಕ್ಯಾಲಿಪರ್ ಕೆಲಸವೂ ಇದೆ, ಮೊದಲು ಅಲ್ಲಿ ವಿಚಾರಿಸಿ. ಎಎಫ್‌ಓ ಸಾದಾ ಚಪ್ಪಲಿಗೆ ಕೂಡುವುದಿಲ್ಲ, ಹಿಮ್ಮಡಿ ಪಟ್ಟಿಯ ಸ್ಯಾಂಡಲ್ ಅಥವಾ ಒಂದು ಸೈಜ್ ದೊಡ್ಡ ಬೂಟು ಬೇಕು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದು ನಮ್ಮ ರೂಢಿ, ಆದರೆ ಬರಿ ಪ್ಲಾಸ್ಟಿಕ್ ನುಣುಪು ಫರ್ಸಿಯ ಮೇಲೆ ಜಾರುತ್ತದೆ. ಒಳಗಿನ ಬಳಕೆಗೆಂದೇ ಒಂದು ಜೊತೆ ಸ್ಯಾಂಡಲ್ ಇಡಿ. ಎಂ.ಎಸ್.ನಲ್ಲಿ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು, ಗಾಯವಾದರೂ ತಿಳಿಯದು. ಹತ್ತಿ ಕಾಲುಚೀಲ ಹಾಕಿ, ತೆಗೆದ ಮೇಲೆ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಸದಿದ್ದರೆ ಆ ಜಾಗ ಒತ್ತುತ್ತಿದೆ, ತಿದ್ದಿಸಬೇಕು.

ಮಡಚುವ ವಾಕರ್ 1,000ರಿಂದ 2,000. ಪ್ರತಿ ಹೆಜ್ಜೆಗೂ ಎತ್ತಿಡುವುದು ಬೇಗ ದಣಿಯುವವರಿಗೆ ಭಾರ, ಮುಂದೆ ಎರಡು ಗಾಲಿ ಇರುವುದು ಮೇಲು. ತರುವ ಮೊದಲು ಬಚ್ಚಲ ಬಾಗಿಲ ಅಗಲ ಅಳೆದುಕೊಂಡು ಹೋಗಿ. ನಾಲ್ಕು ಗಾಲಿ, ಬ್ರೇಕು, ಕೂರುವ ಸೀಟು ಇರುವ ರೋಲೇಟರ್ ಐದು ಸಾವಿರದ ಮೇಲೆ. ದಾರಿಯಲ್ಲಿ ಕಾಲು ಸೋತಲ್ಲೇ ಕೂರಬಹುದು ಎನ್ನುವುದು ಎಂ.ಎಸ್. ಇದ್ದವರಿಗೆ ದೊಡ್ಡ ವರ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಚಿಗರಿ ಬಸ್ಸಿನ ನೆಲ ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಇರುವುದರಿಂದ ತಳ್ಳಿಕೊಂಡೇ ಹತ್ತಬಹುದು. ಆದರೆ ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ದಾಟುವಾಗ ಜೊತೆಗೆ ಒಬ್ಬರು ಇರಲಿ. ಹಳೆಯ ಮನೆಯ ಎತ್ತರದ ಹೊಸ್ತಿಲಿಗೆ ಇದು ಆಗದು. ಬಹಳ ತೂರಾಡುವವರ ಕೈಯಲ್ಲಿ ಗಾಲಿ ಮುಂದಕ್ಕೆ ಓಡುತ್ತದೆ, ಅವರಿಗೂ ಬೇಡ.

ಹಣದ ಅಡಚಣೆ ಇದ್ದರೆ ಸರಕಾರದ ದಾರಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿದೆ, ಹೀಗಾಗಿ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ವೈಕಲ್ಯ 40 ಪ್ರತಿಶತ ಅಥವಾ ಮೇಲಿದ್ದು, ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಪೂರ್ತಿ ಉಚಿತ, 30,000ದವರೆಗೆ ಅರ್ಧ ದರ. ಹಳ್ಳಿಯವರು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯು ಅವರನ್ನು, ಪಟ್ಟಣದವರು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯನ್ನು ಕೇಳಿ. ಯೋಜನೆಯ ಅಳತೆಯ ಶಿಬಿರದಲ್ಲಿ ಎಲ್ಬೋ ಕ್ರಚ್ ಎಂದು ಸ್ಪಷ್ಟವಾಗಿ ಬರೆಸಿ. ಒಮ್ಮೆ ಪಡೆದರೆ ದೊಡ್ಡವರಿಗೆ ಅದೇ ಉದ್ದೇಶಕ್ಕೆ ಮೂರು ವರ್ಷ ಮತ್ತೆ ಸಿಗುವುದಿಲ್ಲ, ಆದ್ದರಿಂದ ಸಹಿ ಹಾಕುವ ಮೊದಲು ಹಿಡಿದು ನಡೆದು ನೋಡಿ.