ಬೇಸ್ ಗಿಟಾರ್ ಕಲಿಯಲು ಹಾಡನ್ನು ಯಾವುದರಲ್ಲಿ ಕೇಳಬೇಕು? ನಾನು ಬಳಸಿ ನೋಡಿದ್ದು

ಬರ್ಲಿನ್‌ನಲ್ಲಿ ಹಗಲೆಲ್ಲ ಆಫೀಸು, ವಾರಕ್ಕೊಂದು ಸಂಜೆ ಬ್ಯಾಂಡು. ಅರವತ್ತರ ದಶಕದ ಸೋಲ್, ರಾಕ್ ಹಾಡುಗಳನ್ನು ನುಡಿಸುವ ಹವ್ಯಾಸಿ ಗುಂಪು ನಮ್ಮದು. ನನ್ನ ಪಾಲಿಗೆ ಬೇಸ್ ಗಿಟಾರ್. ನೊಟೇಶನ್ ಯಾರೂ ಕೊಡುವುದಿಲ್ಲ. ಹಾಡಿನ ಹೆಸರು ವಾಟ್ಸ್ಯಾಪಿಗೆ ಬರುತ್ತದೆ, ಮುಂದಿನ ರಿಹರ್ಸಲ್‌ಗೆ ಕೇಳಿ ಕಲಿತು ಹೋಗಬೇಕು.

ಫೋನಿನ ಸ್ಪೀಕರ್ ಲೆಕ್ಕಕ್ಕೇ ಇಲ್ಲ. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಕೆಳಗಿನದು ಆ ಪುಟ್ಟ ಸ್ಪೀಕರಿನಿಂದ ಹೊರಡುವುದೇ ಇಲ್ಲ.

ಬ್ಲೂಟೂತ್ ಹೆಡ್‌ಫೋನ್ ರೈಲಿನಲ್ಲಿ ಚೆನ್ನ. ಹೊರಗಿನ ಸದ್ದು ಅಡಗಿಸುವ ತಂತ್ರ ಕೆಲಸ ಮಾಡುವುದು ಮುಖ್ಯವಾಗಿ ಕೆಳಗಿನ ಗುಂಯ್‌ಗುಡುವಿಕೆಯ ಮೇಲೆ. ಇಲ್ಲಿನ ಮೆಟ್ರೋ ಯು-ಬಾನ್‌ನ ಸದ್ದೂ ಅಂಥದ್ದೇ, ಬೇಸ್‌ಗೆ ಅಡ್ಡ ಬರುವುದೂ ಅದೇ. ಆದರೆ ಮನೆಯಲ್ಲಿ ಆಟ ಬೇರೆ. ಇಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರವಂತೂ ಇಡೀ ದಿನ. ಹಾಗಾಗಿ ಹಾಡಿನ ಜೊತೆ ನನ್ನ ಬೇಸ್ ಕೂಡ ಹೆಡ್‌ಫೋನಿಗೇ ಹೋಗಬೇಕು. ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ತಡವಾಗುವುದು ಮಾಮೂಲು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತ ಅರ್ಧ ಸೆಕೆಂಡು, ಅದರ ಕಾಲು ಭಾಗ 125 ಮಿಲಿಸೆಕೆಂಡು. ಅಂದರೆ 'ತಕದಿಮಿ'ಯಲ್ಲಿ ಹತ್ತಿರ ಹತ್ತಿರ ಒಂದಕ್ಷರ ಹಿಂದೆ! ಹಾಗೆ ನುಡಿಸಲು ಆಗಲ್ಲ.

ಅದಕ್ಕೇ ಮನೆಯಲ್ಲಿ ವೈರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ ಸ್ಟುಡಿಯೋ ಹೆಡ್‌ಫೋನ್. ನೋಡಲು ಚೆಂದವಿಲ್ಲ, ಬೇಸಿಗೆಯಲ್ಲಿ ಕಿವಿ ಬೆವರುತ್ತದೆ. ಆದರೂ ಸ್ವರ ಹಿಡಿಯಲು ಇದರಷ್ಟು ಅನುಕೂಲ ಇನ್ನೊಂದಿಲ್ಲ. ಆ ಕಾಲದ ಸ್ಟೀರಿಯೋ ಮಿಕ್ಸ್‌ಗಳಲ್ಲಿ ಒಂದು ತಮಾಷೆ ಇದೆ. ಬೀಟಲ್ಸ್‌ನ 1965ರ ಸುಮಾರಿನ ಎಷ್ಟೋ ಹಾಡುಗಳಲ್ಲಿ ವಾದ್ಯಗಳು ಹೆಚ್ಚಾಗಿ ಒಂದು ಕಿವಿಗೆ, ಗಾಯನ ಇನ್ನೊಂದಕ್ಕೆ. ಗಾಯನದ ಕಡೆಯ ಕಪ್ ಸರಿಸಿದರೆ ಬೇಸ್ ಸಲೀಸಾಗಿ ಸಿಗುತ್ತದೆ. ಆಪ್‌ನಲ್ಲಿ ಶ್ರುತಿ ಕೆಡದಂತೆ ನಿಧಾನ ಮಾಡಬಹುದು, ನಾಲ್ಕು ಬಾರ್ (ತಾಳದ ಆವರ್ತ) ಮಾತ್ರ ಮತ್ತೆ ಮತ್ತೆ ಸುತ್ತಿಸಬಹುದು.

ಎಲ್‌ಪಿಯಲ್ಲಿ ಈ ಸುಖ ಇಲ್ಲ. ಅದೇ ನಾಲ್ಕು ಬಾರ್‌ಗೆ ಮತ್ತೆ ಮತ್ತೆ ಮುಳ್ಳು ಎತ್ತಿಡುವುದು ಕಿರಿಕಿರಿ. ಹಳಬರ ಒಂದು ಉಪಾಯ ಮಾತ್ರ ಇಷ್ಟವಾಯಿತು: ನಿಮಿಷಕ್ಕೆ 33 ಸುತ್ತಿನ ತಟ್ಟೆಯನ್ನು 45ರಲ್ಲಿ ತಿರುಗಿಸುವುದು. ಷಡ್ಜ ಇದ್ದದ್ದು ಶುದ್ಧ ಮಧ್ಯಮಕ್ಕಿಂತ ಚೂರು ಮೇಲೇರುತ್ತದೆ, ಮಂದ್ರದಲ್ಲಿ ಕಲಸಿಹೋಗಿದ್ದ ಬೇಸ್ ಬಿಡಿಬಿಡಿಯಾಗಿ ಕೇಳುತ್ತದೆ. ಹಾಡುಗಾರರ ದನಿ ಕೇಳಿ ನಗು ಬಂದರೆ ನಾನು ಜವಾಬ್ದಾರನಲ್ಲ. ಮೌವರ್‌ಪಾರ್ಕ್‌ನ ಭಾನುವಾರದ ಸಂತೆಯಲ್ಲಿ ನಾನು ಈಗಲೂ ಎಲ್‌ಪಿ ಹುಡುಕುತ್ತೇನೆ, ಆದರೆ ಅದು ಕಲಿಯಲಿಕ್ಕಲ್ಲ. ಯಾರು ನುಡಿಸಿದ್ದು ಅಂತ ಕವರಿನ ಹಿಂಬದಿ ಓದುವ ಚಟ, ಅಷ್ಟೇ. ಅಮೆರಿಕದ ಸೋಲ್ ಸಂಗೀತದ ಕಂಪನಿ ಮೋಟೌನ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಬೆರಳಲ್ಲಿ ತಂತಿ ಮೀಟುತ್ತಿದ್ದವರು. ಅರವತ್ತರ ದಶಕದ ಮೋಟೌನ್ ತಟ್ಟೆಗಳ ಮೇಲೆ ಸಾಮಾನ್ಯವಾಗಿ ಅವರ ಹೆಸರೇ ಸಿಗುವುದಿಲ್ಲ. ಅದೇ ಕಂಪನಿಯ ಗಾಯಕ ಮಾರ್ವಿನ್ ಗೇ ಅವರ 1971ರ ಆಲ್ಬಮ್‌ನಲ್ಲಿ ಹೆಸರು ಅಚ್ಚಾಗಿದೆ.

ಇನ್ನು ನಮ್ಮದೇ ರಿಹರ್ಸಲ್‌ನ ರೆಕಾರ್ಡಿಂಗ್. ಸದ್ದಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಡ್ರಮ್ಸ್‌ನ ಸಿಂಬಲ್ (ಹಿತ್ತಾಳೆ ತಟ್ಟೆ) ಕಿರುಚುತ್ತದೆ, ನಡುವೆ ಯಾರೋ ಬಿಯರ್ ಬಾಟಲಿ ತೆಗೆಯುತ್ತಾರೆ, ಗಿಟಾರಿನವನು "ಯಾವ ಕೀ?" ಅಂತ ಮೂರನೇ ಸಲ ಕೇಳುತ್ತಾನೆ. ಆದರೂ ಮೂಲ ಹಾಡಿನ ಪಕ್ಕ ಇಟ್ಟು ಕೇಳಿದಾಗ ಬೇರೆ ಯಾವುದೂ ತೋರಿಸದ್ದನ್ನು ಇದು ತೋರಿಸಿತು. ನನ್ನ ಸ್ವರಗಳೆಲ್ಲ ಸರಿ ಇದ್ದವು, ಅವುಗಳ ಉದ್ದ ಬೇರೆ ಇತ್ತು. ಮೂಲದಲ್ಲಿ ಎರಡನೇ, ನಾಲ್ಕನೇ ಬಡಿತಕ್ಕೆ ಸ್ನೇರ್ ಡ್ರಮ್ಮಿನ ಪೆಟ್ಟು ಬೀಳುವ ಹೊತ್ತಿಗೆ ಬೇಸ್ ಸುಮ್ಮನಾಗಿರುತ್ತದೆ. ನನ್ನದು ಸ್ನೇರ್ ಮೇಲೂ ಎಳೆದುಕೊಂಡು ಹೋಗುತ್ತಿತ್ತು, ಹಾಡು ಭಾರವಾಗುತ್ತಿತ್ತು. ಎಡಗೈ ಬೆರಳನ್ನು ತಂತಿಯಿಂದ ಚೂರು ಸಡಿಲಿಸಿದರೆ ಸಾಕು, ಅಲ್ಲೇ ಸ್ವರ ನಿಲ್ಲುತ್ತದೆ. ಕಾಲಪ್ರಮಾಣ ಓಡುವುದೂ ಇದರಲ್ಲೇ ಗೊತ್ತಾಗುತ್ತದೆ. ಯಾರು ಓಡಿದ್ದು ಅನ್ನುವ ಜಗಳಕ್ಕೆ ಡ್ರಮ್ಮರ್ ಹತ್ತಿರ ಈಗ ಉತ್ತರ ಇಲ್ಲ.

ಒಂದಕ್ಕೆ ಮಾತ್ರ ದುಡ್ಡು ಹಾಕುವುದಾದರೆ ವೈರ್‌ನ ಹೆಡ್‌ಫೋನ್ ಕೊಳ್ಳಿ. ರೆಕಾರ್ಡಿಂಗ್‌ಗೆ ಕಾಸು ಬೇಡ, ಫೋನ್ ಸಾಕು. ಡ್ರಮ್ಸ್‌ನಿಂದ ದೂರ ಇಡಿ, ಕೋಣೆಯ ಮೂಲೆಗೂ ತುರುಕಬೇಡಿ. ಮೂಲೆಯಲ್ಲಿ ಬೇಸ್ ಇರುವುದಕ್ಕಿಂತ ಜಾಸ್ತಿ ಊದಿಕೊಳ್ಳುತ್ತದೆ.